ಹುಳವನ್ನು ನಾವೇ ಹೊತ್ತು ತರುತ್ತೇವೆ



ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಿಗರಿಗೆ ಕೊಳೆ ಮದ್ದು ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತುತ್ತದ ನೀರು ಬೇರೆ, ಸುಣ್ಣದ ನೀರು ಬೇರೆ ಕದಡಿ, ಆಮೇಲೆ ಕೂಡಿಸಿ, ಕೊನೆಗೆ ಕತ್ತಿಯ ಅಲಗನ್ನು ಅದ್ದಿ ತಾಮ್ರದ ಬಣ್ಣ ಹಿಡಿಯಿತೇ ಎಂದು ನೋಡಿಕೊಂಡೇ ಕೊನೆಗಾರನನ್ನು ಮರ ಹತ್ತಿಸುವುದು. ಇಷ್ಟು ಲೆಕ್ಕದ ಮನುಷ್ಯ ಮನೆಯ ಬಾಗಿಲ ಚೌಕಟ್ಟಿನಲ್ಲಿ ಒರಲೆ ಕಂಡ ಕೂಡಲೇ ಲೆಕ್ಕ ಮರೆಯುತ್ತಾನೆ. ತೋಟಕ್ಕೆಂದು ತಂದಿಟ್ಟ ಯಾವುದೋ ಮದ್ದನ್ನು ಡಬ್ಬದ ಮುಚ್ಚಳದಲ್ಲಿ ಕಣ್ಣಂದಾಜಿಗೆ ಸುರಿದು, ಮೂಗಿಗೆ ಬಟ್ಟೆಯೂ ಇಲ್ಲದೆ ಎರಚಿ, ಅದೇ ಕೈಯಲ್ಲಿ ಕವಳ ಹಾಕುತ್ತಾನೆ. ಒರಲೆ ನಾಲ್ಕು ದಿನ ಮರೆಯಾಗಿ ಪಕ್ಕದ ಕಂಬದಲ್ಲಿ ಮತ್ತೆ ತಲೆ ಹಾಕುತ್ತದೆ.

ಆದ್ದರಿಂದ ಇಂದು ಮದ್ದಿನ ಮಾತು ಕಡಿಮೆ, ದಾರಿಯ ಮಾತು ಹೆಚ್ಚು. ವರ್ಷಕ್ಕೆ ನೂರು ಇಂಚಿನ ಆಸುಪಾಸು ಮಳೆ ಬೀಳುವ, ಕಾಡಿನ ಮಗ್ಗುಲಲ್ಲೇ ಅಂಗಳ ಇರುವ ನಮ್ಮ ಸೀಮೆಯಲ್ಲಿ ಹುಳಹುಪ್ಪಟೆ ಇಲ್ಲದ ಮನೆ ಎಂಬುದೇ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ನಮಗೆ ನಷ್ಟ, ಕಾಯಿಲೆ ತರುವ ಜೀವಿಗಳ ಪಟ್ಟಿ ಹಿಡಿದು ಒಂದೊಂದೂ ಒಳಗೆ ಹೇಗೆ ಬಂತು ಎಂದು ಹುಡುಕಿದರೆ, ಬಹುಪಾಲನ್ನು ನಾವೇ ಕಟ್ಟಿಗೆಯ ಹೊರೆಯಲ್ಲಿ, ದರಕಿನ ಬುಟ್ಟಿಯಲ್ಲಿ, ಅಕ್ಕಿಯ ಚೀಲದಲ್ಲಿ, ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ತಂದಿರುತ್ತೇವೆ.

ಮೊದಲು ಒರಲೆ. ಬಯಲುಸೀಮೆಯವರು ಗೆದ್ದಲು ಎನ್ನುತ್ತಾರೆ. ಅದು ಮೆತ್ತಗಿನ ಮೈಯ, ಬಹುಮಟ್ಟಿಗೆ ಕುರುಡು ಜೀವಿ. ಬಿಸಿಲು, ಒಣಗಾಳಿ ತಾಗಿದರೆ ಬದುಕದು. ಅದಕ್ಕೇ ಅದು ಬಯಲಲ್ಲಿ ನಡೆಯುವುದಿಲ್ಲ. ಮಣ್ಣನ್ನು ಜೊಲ್ಲಿನಲ್ಲಿ ಕಲಸಿ ಗೋಡೆಯ ಮೇಲೆ ಪೆನ್ಸಿಲಿನಷ್ಟು ದಪ್ಪದ ಸುರಂಗ ಕಟ್ಟಿಕೊಂಡು ಅದರೊಳಗೆ ಓಡಾಡುತ್ತದೆ. ನಾವು ಗೋಡೆಯಲ್ಲಿ ಕಾಣುವುದು ಕೂಲಿ ಒರಲೆಗಳ ಹಾದಿ ಮಾತ್ರ. ರಾಣಿ ಇರುವುದು ನೆಲದಡಿಯ ಗೂಡಿನಲ್ಲಿ, ಅದು ಮನೆಯ ಹಿಂದಿನ ಧರೆಯಲ್ಲಿದ್ದೀತು, ಬೇಣದಲ್ಲಿದ್ದೀತು. ಸುರಂಗವನ್ನು ಪೊರಕೆಯಿಂದ ಬಳಿದು ಸೀಮೆಎಣ್ಣೆ ಸವರಿದರೆ ರಾಣಿಗೆ ಸುದ್ದಿಯೂ ಮುಟ್ಟುವುದಿಲ್ಲ.

ಅಂದ ಹಾಗೆ, ಮಳೆಗಾಲದಲ್ಲಿ ನಾವು ಬಾಯಿ ಚಪ್ಪರಿಸಿ ತಿನ್ನುವ ಹುತ್ತದಣಬೆ ಈ ಒರಲೆಯದೇ ಬೆಳೆ. ನಮ್ಮ ಕಡೆಯ ಹುತ್ತದ ಒರಲೆಗಳು ಗೂಡಿನೊಳಗೆ ಒಂದು ಬಗೆಯ ಶಿಲೀಂಧ್ರವನ್ನು ಸಾಕುತ್ತವೆ. ತಂದ ಕಟ್ಟಿಗೆಯನ್ನು ಅದಕ್ಕೆ ಉಣಿಸಿ ತಾವು ಅದನ್ನು ತಿನ್ನುತ್ತವೆ. ಆ ಶಿಲೀಂಧ್ರವೇ ಮಳೆಯಲ್ಲಿ ಅಣಬೆಯಾಗಿ ತಲೆ ಎತ್ತುವುದು. ಕಾಡಿನ ಉದುರೆಲೆ, ಒಣಗಿದ ಕೊಂಬೆ ಮಣ್ಣಾಗುವುದೂ ಇವುಗಳಿಂದಲೇ. ಬೆಟ್ಟದಲ್ಲಿರುವ ಹುತ್ತವನ್ನು ಅಗೆದು ಮದ್ದು ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಅದರ ಕೆಲಸ ಅದು ಮಾಡುತ್ತಿದೆ.

ಹಾಗಾದರೆ ಮನೆಗೆ ಹೇಗೆ ಬಂತು? ಮಳೆಗಾಲಕ್ಕೆಂದು ಕೂಡಿಟ್ಟ ಕಟ್ಟಿಗೆ ನೋಡಿ. ಬಚ್ಚಲಿನ ಗೋಡೆಗೆ ಒತ್ತಿ, ನೆಲದ ಮೇಲೆಯೇ ಪೇರಿಸಿರುತ್ತೇವೆ. ಅದರ ಅಡಿಯ ಸಾಲು ವರ್ಷಗಟ್ಟಲೆ ಹೊರಬರುವುದೇ ಇಲ್ಲ. ಮೇಲಿನದು ತೆಗೆದು, ಮೇಲೆಯೇ ಹೊಸದು ಒಟ್ಟುವುದು ರೂಢಿ. ಒರಲೆಗೆ ಮಣ್ಣೂ ತೇವವೂ ಕತ್ತಲೂ ಊಟವೂ ಒಂದೇ ಕಡೆ ಸಿಕ್ಕಿತು. ಅಲ್ಲಿಂದ ಗೋಡೆಯ ಸಂದಿಗೆ, ಸಂದಿಯಿಂದ ತೊಲೆಗೆ, ತೊಲೆಯಿಂದ ಅಟ್ಟದಲ್ಲಿಟ್ಟ ಟ್ರಂಕಿನ ಕಾಗದಪತ್ರಕ್ಕೆ. ಅಜ್ಜನ ಕಾಲದ ಪ್ರಸಂಗದ ಪುಸ್ತಕಗಳು, ಹಿಸ್ಸೆ ಪತ್ರಗಳು ಮೇಲಿನ ರಟ್ಟು ಮಾತ್ರ ಉಳಿಸಿಕೊಂಡು ಒಳಗೆ ಮಣ್ಣಾದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಮಾಡಬೇಕಾದದ್ದು ಇಷ್ಟು. ಕಟ್ಟಿಗೆಯನ್ನು ಕಲ್ಲಿನ ಮೇಲೆ ಹಲಗೆ ಇಟ್ಟು, ಗೋಡೆಯಿಂದ ಒಂದು ಮೊಳ ದೂರ ಒಟ್ಟಿ, ಆ ಸಂದಿಯಲ್ಲಿ ಬ್ಯಾಟರಿ ಬಿಟ್ಟರೆ ಕೊನೆಯವರೆಗೆ ಕಾಣಬೇಕು. ಹಳೆಯ ಕಟ್ಟಿಗೆ ಮುಗಿಯದೆ ಹೊಸದು ಬೇಡ. ಅಡಿಕೆ ಸಿಪ್ಪೆಯ ರಾಶಿಯೂ ಹಾಗೆಯೇ, ಮನೆಯ ಪಾಯಕ್ಕೆ ತಾಗಬಾರದು. ಹಂಚು ಒಡೆದು ನೀರು ಇಳಿಯುವ ಜಾಗ, ಸೋರುವ ನಲ್ಲಿಯ ಹಿಂದಿನ ಗೋಡೆ, ಇವು ಒಣಗಿದರೆ ಅರ್ಧ ಒರಲೆ ತಾನಾಗಿಯೇ ಹೋಗುತ್ತದೆ. ಮರದ ಕೆಲಸ ಮಾಡಿಸುವಾಗ ತೇಗ, ಹೊನ್ನೆ, ಹಲಸಿನ ಕೆಚ್ಚನ್ನೇ ಬಳಸಿ. ಒರಲೆ ಮೊದಲು ಹಿಡಿಯುವುದು ಹೊರಗಿನ ಬಿಳಿ ಭಾಗವನ್ನು. ಮಾರುವವರು ಅದನ್ನೂ ತೇಗ ಎಂದೇ ಮಾರುತ್ತಾರೆ.

ಹೊಸ ಮನೆ ಕಟ್ಟುವವರಿಗೆ ಒಂದು ಮಾತು. ಕಟ್ಟುವ ಮೊದಲೇ ಪಾಯದ ಮಣ್ಣಿಗೆ ಒರಲೆ ಮದ್ದು ಹಾಕುವ ಕ್ರಮಕ್ಕೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 6313 ಎಂಬ ನಿಯಮಾವಳಿ ಇದೆ. ಕಟ್ಟಿದ ಮನೆಗೆ ಮದ್ದು ಕೊಡುವ ವಿಧಾನವೂ ಅದರಲ್ಲೇ ಬೇರೆ ಭಾಗವಾಗಿ ಇದೆ: ಗೋಡೆ ನೆಲ ಕೂಡುವಲ್ಲಿ ಸುಮಾರು ಒಂದಡಿಗೊಂದರಂತೆ ಸಣ್ಣ ತೂತು ಕೊರೆದು, ಮದ್ದನ್ನು ಒಳಗಿಳಿಸಿ, ತೂತು ಮುಚ್ಚುವುದು. ಗುತ್ತಿಗೆದಾರರಿಗೆ ಈ ಸಂಖ್ಯೆ ಹೇಳಿ ಕೇಳಿ, ಕೆಲಸದ ರೀತಿಯೇ ಬದಲಾಗುತ್ತದೆ. ಇಂದು ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಇಮಿಡಾಕ್ಲೋಪ್ರಿಡ್ ಶೇಕಡಾ 30.5ರ ದ್ರಾವಣಕ್ಕೆ ಡಬ್ಬದ ಮೇಲೆ ಲೀಟರ್ ನೀರಿಗೆ 2.1 ಮಿಲಿಲೀಟರ್ ಎಂದು ಬರೆದಿರುತ್ತದೆ. ಕೊಳೆ ಮದ್ದಿನ ತಕ್ಕಡಿ ಮನೆಯೊಳಗೂ ಬರಲಿ. ಇನ್ನೊಂದು ಎಚ್ಚರ: ನಮ್ಮ ಮನೆಗಳಲ್ಲಿ ಬಾವಿ ಇರುವುದು ಅಡಿಗೆಮನೆಯ ಬಾಗಿಲಲ್ಲೇ. ಬಾವಿಯ ಬದಿಯ ಗೋಡೆಗೆ, ನೀರು ಬಸಿಯುವ ಜಂಬಿಟ್ಟಿಗೆ ನೆಲಕ್ಕೆ ಮದ್ದು ಇಳಿಸಲೇಬಾರದು. ಹಿಂದೆ ಮನೆಮನೆಯಲ್ಲಿದ್ದ ಬಿ.ಎಚ್.ಸಿ. ಎಂಬ ಬಿಳಿಪುಡಿಗೆ 1997ರಲ್ಲೇ ನಿಷೇಧ ಬಿದ್ದಿದೆ. ಅಟ್ಟದ ಮೂಲೆಯಲ್ಲಿ ಹಳೆಯ ಡಬ್ಬ ಉಳಿದಿದ್ದರೆ ಅದನ್ನು ಬಳಸಬೇಡಿ, ಹೊಳೆಗೂ ಸುರಿಯಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ಕೃಷಿ ಇಲಾಖೆಯವರನ್ನು ಕೇಳಿ.

ಹೊಗೆಯ ವಿಚಾರ ಹಿರಿಯರು ಮತ್ತೆ ಮತ್ತೆ ಎತ್ತುತ್ತಾರೆ. ಒಲೆಯ ಹೊಗೆ ಅಟ್ಟಕ್ಕೇರಿ ತೊಲೆ, ದಬ್ಬೆಗಳನ್ನು ಕರಿಗಟ್ಟಿಸುತ್ತಿದ್ದಾಗ ಮರ ಕೊರೆಯುವ ಕುಟ್ಟೆ ಇರಲಿಲ್ಲ, ಒರಲೆ ಇರಲಿಲ್ಲ, ಗೋಬರ್ ಗ್ಯಾಸ್ ಬಂದ ಮೇಲೆ ಎಲ್ಲ ಶುರುವಾಯಿತು ಎಂದು. ಮಾತಿನಲ್ಲಿ ಸತ್ಯವಿದೆ. ಆದರೆ ಆ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಕೆಮ್ಮಿದವರು ಅಟ್ಟದ ತೊಲೆಗಳಲ್ಲ, ಅಡಿಗೆ ಮಾಡಿದ ಅಮ್ಮಂದಿರು. ತೊಲೆ ಉಳಿಸಲು ಹೊಗೆಗೆ ಮರಳುವುದು ನನಗೆ ಒಪ್ಪಿಗೆಯಿಲ್ಲ. ಹೊಗೆ ಮಾಡುತ್ತಿದ್ದ ಇನ್ನೊಂದು ಕೆಲಸ ಒಣಗಿಸುವುದು. ಅದನ್ನು ಗಾಳಿ ಮಾಡಬಲ್ಲದು, ಅಟ್ಟಕ್ಕೆ ಎರಡು ಕಡೆ ಜಾಲರಿ ಹೊಡೆದ ಕಿಟಕಿ ಇಟ್ಟರೆ ಸಾಕು. ದಬ್ಬೆ, ಬಿದಿರಿಗೆ ಕುಟ್ಟೆ ಹಿಡಿಯುವುದು ಅದರೊಳಗಿನ ಹಿಟ್ಟಿನ ಅಂಶಕ್ಕಾಗಿ. ಕಡಿದ ಬಿದಿರನ್ನು ಹಳ್ಳದಲ್ಲಿ ಕೆಲವು ವಾರ ನೆನೆಹಾಕುವ ಹಳೆಯ ಕ್ರಮ ಅದಕ್ಕೇ ಫಲ ಕೊಡುತ್ತದೆ.

ಅಡಿಗೆಮನೆಯದು ಬೇಗ ಮುಗಿಸುತ್ತೇನೆ. ಅಲ್ಲಿನ ಸಣ್ಣ ಕಂದು ಜಿರಲೆ ನಮ್ಮ ಕಾಡಿನದಲ್ಲ, ಪೇಟೆಯದು. ಶಿರಸಿ ಪೇಟೆಯಿಂದ ತಂದ ಸಾಮಾನಿನ ರಟ್ಟಿನ ಪೆಟ್ಟಿಗೆಯ ಮಡಿಕೆಯಲ್ಲಿ ಕೂತು ಬಂದದ್ದು. ಹೆಣ್ಣು ಒಂದು ಕೋಶದಲ್ಲಿ ಮೂವತ್ತು ನಲವತ್ತು ಮೊಟ್ಟೆ ಹೊತ್ತುಕೊಂಡೇ ತಿರುಗುತ್ತದೆ. ಪೆಟ್ಟಿಗೆಯನ್ನು ಜಗುಲಿಯಲ್ಲೇ ಖಾಲಿ ಮಾಡಿ ಹೊರಗಿಡಿ. ಸಿಂಪಡಿಸುವ ಡಬ್ಬಿಯಿಂದ ಜಿರಲೆ ಚದುರುತ್ತದೆ, ಸಾಯುವುದು ಎದುರಿಗೆ ಸಿಕ್ಕಿದ್ದು ಮಾತ್ರ. ಸಂದಿಯಲ್ಲಿ ಚುಕ್ಕೆಯಿಡುವ ಜೆಲ್, ಇಲ್ಲವೇ ಬೋರಿಕ್ ಪುಡಿಯನ್ನು ಮೈದಾ, ಸಕ್ಕರೆ ಜೊತೆ ಕಲಸಿದ ಉಂಡೆ ನಿಧಾನವಾದರೂ ಗೂಡಿಗೇ ಮುಟ್ಟುತ್ತದೆ. ಮಗು ಹರಿದಾಡುವ ಮನೆಯಾದರೆ ಉಂಡೆಯನ್ನು ಕೈಗೆಟುಕದ ಸಂದಿಯಲ್ಲೇ ಇಡಬೇಕು. ಅಕ್ಕಿಯ ನುಸಿ ಕಾಳಿನ ಒಳಗೇ ಮೊಟ್ಟೆ ಇಡುವುದರಿಂದ ಕೇರಿದರೂ ಜರಡಿ ಹಿಡಿದರೂ ಹೋಗದು. ಮಳೆಗಾಲದ ಸಾಮಾನು ಕೂಡಿಡುವ ಏಪ್ರಿಲ್-ಮೇ ತಿಂಗಳಲ್ಲಿ ಚೆನ್ನಾಗಿ ಬಿಸಿಲಿಗೆ ಹರಡಿ, ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ತುಂಬುವುದೇ ಮದ್ದು. ಬೇಳೆಕಾಳಿಗೆ ಕಿಲೋಗೆ ಒಂದು ಚಮಚ ಅಡಿಗೆಯೆಣ್ಣೆ ತಿಕ್ಕಿಟ್ಟರೆ ಹುಳ ಮೊಟ್ಟೆಯಿಡಲು ಹಿಂಜರಿಯುತ್ತದೆ. ಅಕ್ಕಿ ಚೀಲದೊಳಗೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹಾಕುವವರಿದ್ದಾರೆ. ಅದರಿಂದ ಹೊರಡುವ ವಿಷಾನಿಲ ಮಲಗಿದ ಮನೆಮಂದಿಯನ್ನೇ ಕೊಲ್ಲಬಲ್ಲದು. ಮನೆಯೊಳಗೆ ಅದಕ್ಕೆ ಜಾಗವೇ ಇಲ್ಲ.

ಇಲಿಯ ಕತೆ ಬೇರೆ. ಅದನ್ನು ನಾವು ಹೊತ್ತು ತರುವುದಿಲ್ಲ, ಆದರೆ ಏಣಿ ಹಾಕಿಕೊಡುತ್ತೇವೆ. ಹಂಚಿನ ಮೇಲೆ ಬಾಗಿದ ಮಾವಿನ ಕೊಂಬೆ, ಮಾಡಿಗೆ ಒರಗಿದ ತೆಂಗಿನ ಹೆಡೆ, ಬಟ್ಟೆ ಒಣಗಿಸುವ ತಂತಿ, ಇವೇ ಅದರ ಹೆದ್ದಾರಿ. ಕೊಂಬೆಯನ್ನು ಮಾಡಿನಿಂದ ಒಂದು ಮಾರು ದೂರ ಕಡಿಯಿರಿ, ತೆಂಗಿನ ಮರಕ್ಕೆ ಆಳೆತ್ತರದಲ್ಲಿ ತಗಡಿನ ಪಟ್ಟಿ ಸುತ್ತಿ. ಮನೆಯ ಚಿಕ್ಕ ಇಲಿಗೆ ಪೆನ್ಸಿಲ್ ತೂರುವಷ್ಟು ಕಂಡಿ ಸಾಕು. ಬಾಗಿಲಡಿಯ ಸಂದಿ, ಪೈಪು ಹೊಕ್ಕ ತೂತು, ಇವನ್ನು ಸಿಮೆಂಟು ಅಥವಾ ತಂತಿಜಾಲರಿಯಿಂದ ಮುಚ್ಚಿ. ಇಲಿ ಹೊಸ ವಸ್ತುವಿಗೆ ಹೆದರುತ್ತದೆ. ಬೋನಿಟ್ಟ ದಿನವೇ ಬೀಳಲಿಲ್ಲವೆಂದು ಬೇಸರಿಸಬೇಡಿ. ಮೊದಲ ಎರಡು ಮೂರು ರಾತ್ರಿ ಕೀಲಿ ಹಾಕದೆ, ಸುಟ್ಟ ಕೊಬ್ಬರಿಯನ್ನೋ ಹಲಸಿನ ಹಪ್ಪಳವನ್ನೋ ಇಟ್ಟು ತಿನ್ನಲು ಬಿಡಿ, ರೂಢಿಯಾದ ಮೇಲೆ ಕೀಲಿ ಹಾಕಿ.

ಅಂಗಡಿಯಲ್ಲಿ ಸಿಗುವ ಇಲಿ ಪೇಸ್ಟಿನ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಅದರಲ್ಲಿರುವುದು ಹಳದಿ ರಂಜಕ. ಅದು ಮನುಷ್ಯನ ಹೊಟ್ಟೆಗೆ ಹೋದರೆ ಯಕೃತ್ತನ್ನು ಕೊಲ್ಲುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ. ಮೊದಲ ದಿನ ಏನೂ ಆಗದಂತೆ ಕಾಣಿಸಿ ಆಮೇಲೆ ಕೈಮೀರುವುದರಿಂದ ಇನ್ನೂ ಅಪಾಯ. ಅಂಥದ್ದು ಮನೆಯಲ್ಲಿ ಇರಲೇಬಾರದು. ಬ್ರೊಮಾಡಿಯೊಲೋನ್ ಬಿಲ್ಲೆ ಅದಕ್ಕಿಂತ ವಾಸಿ. ರಕ್ತ ಹೆಪ್ಪುಗಟ್ಟದಂತೆ ಮಾಡಿ ಇಲಿಯನ್ನು ಕೊಲ್ಲುವ ಇದಕ್ಕೆ ಆಸ್ಪತ್ರೆಯಲ್ಲಿ ವಿಟಮಿನ್ ಕೆ ಎಂಬ ಪ್ರತಿವಿಷವಿದೆ. ಆದರೆ ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು, ಕೇರೆ ಹಾವೂ ಸಾಯಬಹುದು. ಕೇರೆ ಹಾವಿನಷ್ಟು ಇಲಿ ಹಿಡಿಯುವ ಬೋನು ಯಾವ ಅಂಗಡಿಯಲ್ಲೂ ಇಲ್ಲ, ಅದಕ್ಕೆ ವಿಷವೂ ಇಲ್ಲ. ಕಿರ್ ಕಿರ್ ಎನ್ನುತ್ತಾ ಗೋಡೆಯಂಚಿನಲ್ಲಿ ಓಡುವ ಉದ್ದ ಮೂತಿಯ ಮೂಗಿಲಿ ಕೂಡ ಹುಳ ತಿಂದು ಬದುಕುವುದು, ವಾಸನೆ ಸಹಿಸಿ ಬಿಟ್ಟುಬಿಡಿ. ಇಲಿಯ ಮೂತ್ರ ಬೆರೆತ ನೀರಿನಿಂದ ಮಳೆಗಾಲದಲ್ಲಿ ಇಲಿ ಜ್ವರ ಬರುತ್ತದೆ. ಕಾಲಿನ ಬಿರುಕಿಗೆ, ಗಾಯಕ್ಕೆ ಕೆಸರು ತಾಗದಂತೆ ಬೂಟು ಹಾಕಿ ಗದ್ದೆ ತೋಟಕ್ಕೆ ಇಳಿಯುವುದು ಒಳ್ಳೆಯದು.

ಸೊಳ್ಳೆಯ ಬಗ್ಗೆ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಹೇಳುತ್ತಲೇ ಇದ್ದಾರೆ. ನಮ್ಮ ಕಡೆಗೆ ವಿಶೇಷವಾದದ್ದನ್ನು ಮಾತ್ರ ನಾನು ಸೇರಿಸುತ್ತೇನೆ. ಡೆಂಗಿ ಹರಡುವ ಪಟ್ಟೆಕಾಲಿನ ಹಗಲು ಸೊಳ್ಳೆಗೆ ಚರಂಡಿ ಬೇಡ, ಒಂದು ಅಡಿಕೆ ಹಾಳೆಯಲ್ಲಿ ನಿಂತ ಬೊಗಸೆ ನೀರು ಸಾಕು. ತೋಟದಲ್ಲಿ ಅಂಗಾತ ಬಿದ್ದ ಹಾಳೆ ಎಷ್ಟಿರುತ್ತದೆ ನೀವೇ ಬಲ್ಲಿರಿ. ಮನೆಯ ಹತ್ತಿರದ ಸಾಲುಗಳ ಹಾಳೆಯನ್ನಾದರೂ ವಾರಕ್ಕೊಮ್ಮೆ ಬೋರಲು ಹಾಕಿ, ಇಲ್ಲವೇ ಕೊಯ್ದು ಗೊಬ್ಬರಗುಂಡಿಗೆ ಸೇರಿಸಿ. ವಾರಕ್ಕೊಮ್ಮೆ ಏಕೆಂದರೆ ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಅಷ್ಟು ದಿನ ಬೇಕು. ಕೊಳೆ ಮದ್ದಿನ ಡ್ರಮ್ಮು, ಹಳೆಯ ಟಯರು, ತೆಂಗಿನ ಕರಟ, ಚಪ್ಪರಕ್ಕೆ ಹೊದಿಸಿದ ಪ್ಲಾಸ್ಟಿಕ್ಕಿನ ಮಡಿಕೆ ಇವೆಲ್ಲ ಅದೇ ಲೆಕ್ಕ. ಡ್ರಮ್ಮಿನ ನೀರು ಚೆಲ್ಲಿದರಷ್ಟೇ ಸಾಲದು, ಒಳಬದಿಯನ್ನು ತಿಕ್ಕಬೇಕು. ಅಂಚಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದಾಗ ಒಡೆಯುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಸಾರಿ, ಸೊಳ್ಳೆ ಮರಿಗೆ ಎಡೆಗೊಟ್ಟ ಮನೆಗೆ ಹಳ್ಳಿಯಲ್ಲಿ 200, ಪಟ್ಟಣದಲ್ಲಿ 400 ರೂಪಾಯಿ ದಂಡವನ್ನೂ ಗೊತ್ತುಮಾಡಿತು.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ವಿಷಯ, ರಕ್ತ ಹೀರುವ ಉಣುಗು.

ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂಬ ಬ್ರಿಟಿಷರ ಕಾಲದ ಏರ್ಪಾಡು ನಮ್ಮ ಜಿಲ್ಲೆಯದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಸೊಪ್ಪಿಲ್ಲದ ದಿನಗಳಲ್ಲಿ ಉದುರಿದ ಎಲೆ, ಅಂದರೆ ದರಕು. ಅದನ್ನು ಗುಡಿಸಿ ತರುವುದು ಚಳಿ ಇಳಿದು ಬಿಸಿಲು ಏರುವ ಜನವರಿಯಿಂದ ಏಪ್ರಿಲ್‌ವರೆಗೆ. ಉಣುಗಿನ ಮರಿಗಳು ಕಾಡಿನ ಉದುರೆಲೆಯಲ್ಲಿ ತುಂಬಿರುವುದೂ, ಮಂಗನ ಕಾಯಿಲೆ ಏರುವುದೂ ಅದೇ ತಿಂಗಳುಗಳಲ್ಲಿ. ಎಳ್ಳುಕಾಳಿನಷ್ಟಿರುವ ಈ ಮರಿ ಉಣುಗೇ ಮನುಷ್ಯನಿಗೆ ಆ ಕಾಯಿಲೆಯ ವೈರಸ್ಸನ್ನು ಹೆಚ್ಚಾಗಿ ದಾಟಿಸುವುದು. ದರಕಿನ ಬುಟ್ಟಿ ತಲೆಯ ಮೇಲೆ, ಅದರಿಂದ ಉದುರಿದ್ದು ಕುತ್ತಿಗೆಗೆ. ಆ ಬುಟ್ಟಿ ಬಂದು ಇಳಿಯುವುದು ಜಗುಲಿಯ ಪಕ್ಕದ ಕೊಟ್ಟಿಗೆಯಲ್ಲಿ.

ಈ ಕಾಯಿಲೆ ಲೋಕಕ್ಕೆ ಗೊತ್ತಾದದ್ದೇ ನಮ್ಮ ಬೇಲಿಯಾಚೆ. 1957ರಲ್ಲಿ, ಸಿದ್ದಾಪುರಕ್ಕೆ ತಾಗಿದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನ ಜ್ವರಕ್ಕೆ ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನು ಪತ್ತೆ ಮಾಡಿದರು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಜೀವಗಳನ್ನು ತೆಗೆದುಕೊಂಡಿತು. 2024ರಲ್ಲಿ ಸಿದ್ದಾಪುರ ತಾಲೂಕಿನ ಕೊರ್ಲಕೈ ಸುತ್ತಮುತ್ತಲ ಊರುಗಳಿಗೆ ಬಂತು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ನಿಲ್ಲಿಸಲಾಗಿದೆ, ಹೊಸದರ ಕೆಲಸವನ್ನು ಐ.ಸಿ.ಎಂ.ಆರ್. ಕೈಗೊಂಡಿದೆ. ಹೀಗಾಗಿ ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಉಣುಗು ಮೈಗೆ ಹತ್ತದಂತೆ ನೋಡಿಕೊಳ್ಳುವುದೊಂದೇ.

ಕಾಯಿಲೆ ಕಂಡ ಊರಿನಲ್ಲಿ ಆ ವರ್ಷದ ಮಟ್ಟಿಗೆ ದರಕು ತರುವುದನ್ನು ಬಿಡಿ. ಕೊಟ್ಟಿಗೆಗೆ ಹುಲ್ಲು, ಅಡಿಕೆ ಸಿಪ್ಪೆ, ಮಿಲ್ಲಿನ ಮರದಪುಡಿ ಹಾಕಿದರೂ ದನ ಬೇಸರಿಸುವುದಿಲ್ಲ. ತರಲೇಬೇಕಾದ ಕಡೆ ತುಂಬು ತೋಳಿನ ಅಂಗಿ, ಪ್ಯಾಂಟು, ಬೂಟು ಹಾಕಿ, ಆರೋಗ್ಯ ಇಲಾಖೆಯವರು ಉಚಿತವಾಗಿ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ, ಕುತ್ತಿಗೆಗೆ ಸವರಿಕೊಂಡು ಹೋಗಿ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದಲ್ಲಿ ತಯಾರಾದ ಎಣ್ಣೆ ಅದು. ವಾಸನೆ ಎಂದು ಬಾಟಲಿಯನ್ನು ಗೂಡಿನಲ್ಲಿಟ್ಟು ಮರೆಯುವವರೇ ಹೆಚ್ಚು. ಹೆಂಗಸರು ಸೀರೆಯಲ್ಲಿ ದರಕು ಬಾಚುವಾಗ ಅಪಾಯ ಇಮ್ಮಡಿ, ಅವರಿಗೆ ಮೊದಲು ಎಣ್ಣೆ ಕೊಡಿ. ತಂದ ದರಕನ್ನು ನೇರ ಕೊಟ್ಟಿಗೆಗೆ ಸುರಿಯದೆ ಮನೆಯಿಂದ ದೂರದ ಬಯಲಿನಲ್ಲಿ ತೆಳ್ಳಗೆ ಹರಡಿ. ಒಣಬಿಸಿಲು ಉಣುಗಿಗೆ ಆಗದು. ಮನೆಗೆ ಬಂದವರು ಬಟ್ಟೆಯನ್ನು ಬಾಗಿಲ ಹೊರಗೇ ಕಳಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಸೊಂಟ, ಮಂಡಿಯ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿ ಕೂತಿದ್ದರೆ ಬೆಂಕಿಕಡ್ಡಿ, ಸುಣ್ಣ, ಸೀಮೆಎಣ್ಣೆ ಏನೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಲ್ಲಿ ಹಿಸುಕಬೇಡಿ.

ದನಗಳಿಗೆ ಈ ಕಾಯಿಲೆ ಬಾಧಿಸುವುದಿಲ್ಲ, ಆದರೆ ದೊಡ್ಡ ಉಣುಗು ರಕ್ತ ಕುಡಿದು ಮೊಟ್ಟೆಯಿಡುವಷ್ಟು ಬಲಿಯುವುದು ದನದ ಮೈಯಲ್ಲೇ. ಕಾಡಿಗೆ ಮೇಯಲು ಬಿಡುವ ಸಿದ್ದಾಪುರದ ಹಳ್ಳಿಗಳಲ್ಲಾಗಲಿ, ಎಮ್ಮೆಗಳೊಂದಿಗೇ ಬದುಕುವ ಯಲ್ಲಾಪುರದ ಗೌಳಿವಾಡಗಳಲ್ಲಾಗಲಿ ದನದ ಉಣುಗು ತೆಗೆಯುವುದು ಮನೆಯವರ ಆರೋಗ್ಯದ ಕೆಲಸವೇ. ಬೆನ್ನಿಗೆ ಸುರಿಯುವ ಮದ್ದು, ಚುಚ್ಚುಮದ್ದು ಪಶುವೈದ್ಯರಲ್ಲಿದೆ. ಹಾಲು ಎಷ್ಟು ದಿನ ಬಳಸಬಾರದು ಎಂಬುದನ್ನು ಅವರನ್ನೇ ಕೇಳಿ ತಿಳಿಯಿರಿ.

ಕಾಡಿನಲ್ಲಾಗಲಿ ತೋಟದಲ್ಲಾಗಲಿ ಮಂಗವೋ ಮುಸುವವೋ ಸತ್ತು ಬಿದ್ದದ್ದು ಕಂಡರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಸತ್ತ ಮಂಗನ ಮೈ ಬಿಟ್ಟ ಉಣುಗು ಅಲ್ಲೇ ಸುತ್ತ ಚದುರಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿದರೆ ಅವರು ಬಂದು ಸುತ್ತಲಿನ ಐವತ್ತು ಮೀಟರ್ ಜಾಗಕ್ಕೆ ಮದ್ದು ಹಾಕುತ್ತಾರೆ. ನಾಯಿಯನ್ನೂ ಅತ್ತ ಬಿಡಬೇಡಿ.

ಕೊನೆಯದಾಗಿ ಒಂದು ಬಿನ್ನಹ. ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ಮುರಿಯುವಂಥ ನೋವು, ಕಣ್ಣು ಕೆಂಪಾಗುವುದು ಕಾಣಿಸಬಹುದು. ಸುಗ್ಗಿಯ ದಣಿವು ಎಂದು ಅಂಗಡಿಯ ಮಾತ್ರೆ ನುಂಗಿ ಮಲಗಬೇಡಿ. ನೋವಿನ ಮಾತ್ರೆಗಳಲ್ಲಿ ಕೆಲವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಮೊದಲ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ವೈದ್ಯರು ಕೇಳಲಿ ಬಿಡಲಿ, ಬೆಟ್ಟಕ್ಕೆ ಹೋಗಿದ್ದೆ, ದರಕು ತಂದಿದ್ದೆ ಎಂದು ನೀವೇ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಮಾಡಿಸಿ.